ಯಂತ್ರದ ನಡುಕವೇ ಯಂತ್ರಕ್ಕೆ ಕಾವಲು

ಅನುಭವಸ್ಥ ಫಿಟ್ಟರನು ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಬೇರಿಂಗಿನ ಮೇಲೆ ತಾಗಿಸಿ, ಹಿಡಿಯನ್ನು ಕಿವಿಗೆ ಹಚ್ಚಿ, ಒಳಗಿನ ಗುಂಡು ಸವೆದಿದೆಯೇ ಎಂದು ಹೇಳಬಲ್ಲನು. ಆದರೆ ನೂರಾರು ಮೋಟಾರುಗಳಿರುವಲ್ಲಿ ಆ ಒಂದು ಕಿವಿ ಸಾಲದು. ಬೇರಿಂಗು ಹಿಡಿದುಕೊಂಡು ಯಂತ್ರ ನಿಂತರೆ ನಷ್ಟ ಮಾಲೀಕನೊಬ್ಬನಿಗೇ ಅಲ್ಲ. ಮಾಡಿದಷ್ಟು ಕೆಲಸಕ್ಕೆ ಕೂಲಿ ಪಡೆಯುವವನ ಅಂದಿನ ಸಂಪಾದನೆಯೂ ನಿಂತಂತೆ.

ಯಂತ್ರದ ಕಂಪನವನ್ನು ಅಳೆದು, ರೇಡಿಯೋ ಅಲೆಗಳ ಮೂಲಕ ಸುದ್ದಿ ಕಳಿಸುವ ಸಣ್ಣ ಸಲಕರಣೆಗಳು ಈಗ ಬಳಕೆಯಲ್ಲಿವೆ. ಇವಕ್ಕೆ ಸೆನ್ಸರ್ ಎಂದು ಹೆಸರು. ತಂತಿ ಎಳೆಯುವ ತೊಂದರೆಯಿಲ್ಲ. ಆದರೆ ಬ್ಯಾಟರಿ ಮುಗಿದಾಗಲೆಲ್ಲ ಯಾರಾದರೂ ಏಣಿ ಹತ್ತಬೇಕಷ್ಟೆ. ಆದ್ದರಿಂದ ಯಂತ್ರದ ನಡುಕದಿಂದಲೇ ವಿದ್ಯುತ್ತನ್ನು ಪಡೆಯುವ ಉಪಾಯ ಹುಟ್ಟಿತು.

ಇದಕ್ಕೆ ಮುಖ್ಯವಾಗಿ ಎರಡು ದಾರಿಗಳುಂಟು. ತಂತಿಯ ಸುರುಳಿಯ ಬಳಿ ಅಯಸ್ಕಾಂತ ಅಲುಗಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆಂದು 1831ರಲ್ಲಿ ಫ್ಯಾರಡೆ ತೋರಿಸಿದನು. ಕ್ವಾರ್ಟ್ಸ್‌ನಂಥ ಕೆಲವು ಹರಳುಗಳನ್ನು ಒತ್ತಿದರೂ ವಿದ್ಯುತ್ ಕಾಣಿಸಿಕೊಳ್ಳುತ್ತದೆಂದು 1880ರಲ್ಲಿ ಫ್ರಾನ್ಸಿನ ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು ಕಂಡುಹಿಡಿದರು.

ಆದರೆ ನಡುಕವಿದ್ದ ಮಾತ್ರಕ್ಕೆ ಕೆಲಸವಾಗದು. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರಷ್ಟೇ ಅದು ಏರುತ್ತದಲ್ಲವೇ? ಉಕ್ಕಿನ ಅಳತೆಪಟ್ಟಿಯನ್ನು ಮೇಜಿನ ಅಂಚಿಗೆ ಒತ್ತಿಹಿಡಿದು ಮೀಟಿ ನೋಡಿರಿ: ಹೊರಗೆ ಚಾಚಿದ ಭಾಗ ಉದ್ದವಾದರೆ ನಿಧಾನ, ಗಿಡ್ಡವಾದರೆ ವೇಗ. ಸಲಕರಣೆಯೊಳಗಿನ ಪಟ್ಟಿಯನ್ನೂ ಹೀಗೆಯೇ ಯಂತ್ರದ ಲಯಕ್ಕೆ ಹೊಂದಿಸುತ್ತಾರೆ. ನಮ್ಮ ದೇಶದ ವಿದ್ಯುತ್ ಸೆಕೆಂಡಿಗೆ 50 ಆವರ್ತಗಳದು. ಪ್ರತಿ ಆವರ್ತದಲ್ಲಿ ಮೋಟಾರಿನೊಳಗಿನ ಕಾಂತದ ಸೆಳೆತ ಎರಡು ಸಲ ಏರಿಳಿಯುವುದರಿಂದ, ಸೆಕೆಂಡಿಗೆ 100 ಸಲದ ನಡುಕ ಸಾಮಾನ್ಯ. ಈ ಲಯದಿಂದ ಶಕ್ತಿ ದೊರೆಯುತ್ತದೆ. ಬೇರಿಂಗಿನ ರೋಗವನ್ನು ಬೇರೆ ಲಯದ ನಡುಕಗಳು ಹೇಳುತ್ತವೆ.

ಸಿಗುವ ಶಕ್ತಿ ತೀರ ಅಲ್ಪ: ಸಾಮಾನ್ಯವಾಗಿ ಒಂದು ವ್ಯಾಟಿನ ಸಾವಿರದಲ್ಲಿ ಕೆಲವು ಪಾಲು, ಕೆಲವೊಮ್ಮೆ ಅದಕ್ಕೂ ಕಡಿಮೆ. ಅದನ್ನು ಕೆಪ್ಯಾಸಿಟರಿನಲ್ಲಿ ಹನಿಹನಿಯಾಗಿ ಕೂಡಿಟ್ಟು, ಆಗಾಗ ಒಂದು ಕ್ಷಣ ಅಳೆದು, ಸುದ್ದಿ ಕಳಿಸಿ, ಮತ್ತೆ ಸುಮ್ಮನಾಗುವುದೇ ಇದರ ಕ್ರಮ. ಬ್ರಿಟನ್ನಿನಲ್ಲಿ ರೈಲುಗಾಡಿಗಳ ಚಕ್ರದ ಬೇರಿಂಗುಗಳನ್ನು ಕಾಯಲು ಇಂಥವನ್ನು ಬಳಸಿದ್ದಾರೆ.

ಕೊರತೆಗಳೂ ಇವೆ. ಯಂತ್ರದ ವೇಗ ಬದಲಾದರೆ ಲಯ ತಪ್ಪಿ ಶಕ್ತಿ ಕುಗ್ಗಬಹುದು. ಯಂತ್ರ ನಿಂತರೆ ಗಳಿಕೆಯೂ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಸಲಕರಣೆ ಎಚ್ಚರಿಸಬಲ್ಲುದೇ ಹೊರತು ಬೇರಿಂಗನ್ನು ಬದಲಿಸಲಾರದು. ಸುದ್ದಿ ಬಂದ ದಿನವೇ ಯಂತ್ರ ನಿಲ್ಲಿಸಿ ನೋಡುವ ಮನಸ್ಸು ಮೇಲಿನವರಿಗಿದ್ದರೆ ಮಾತ್ರ ಈ ಕಾವಲು ಸಾರ್ಥಕ.