ಬ್ರ್ಯಾಂಡೆಡ್ಡೋ, ಅಸೆಂಬಲ್ಡೋ? ಕೆಟ್ಟು ನಿಂತ ದಿನದ ಲೆಕ್ಕ ಮೊದಲು ಹಾಕಿ

ಜೂನ್ ಬಂತೆಂದರೆ ಪರಿಚಿತರ ಮನೆಗಳಿಂದ ಒಂದೇ ಪ್ರಶ್ನೆ ಬರುತ್ತದೆ. ಮಗ ಎಂಜಿನಿಯರಿಂಗ್ ಸೇರಿದ್ದಾನೆ, ಮಗಳು ಅನಿಮೇಷನ್ ಕಲಿಯುತ್ತಿದ್ದಾಳೆ, ಮನೆಗೊಂದು ಡೆಸ್ಕ್‌ಟಾಪ್ ಬೇಕು. ಕಂಪನಿಯದ್ದೇ ತಗೊಳ್ಳೋಣವೋ, ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗಿ ಅಸೆಂಬಲ್ ಮಾಡಿಸೋಣವೋ? ಕೇಳುವವರ ಕೈಯಲ್ಲಿ ಆಗಲೇ ಎರಡು ಕೊಟೇಶನ್ ಇರುತ್ತವೆ. ಅಸೆಂಬಲ್ ಮಾಡಿಸಿದರೆ ಐದಾರು ಸಾವಿರ ಕಡಿಮೆ ಎಂದು ಕಾಣುತ್ತಿರುತ್ತದೆ. ಮನಸ್ಸಿನಲ್ಲಿ ತೀರ್ಮಾನವೂ ಆಗಿರುತ್ತದೆ. ನಾನು ಹೂಂ ಎನ್ನಬೇಕು, ಅಷ್ಟೆ.

ನಾನು ಅಷ್ಟು ಬೇಗ ಹೂಂ ಎನ್ನುವುದಿಲ್ಲ. ಆ ಎರಡು ಮೊತ್ತಗಳು ಒಂದೇ ವಸ್ತುವಿನ ಎರಡು ಬೆಲೆಗಳಲ್ಲ. ಕಂಪನಿಯ ಕಂಪ್ಯೂಟರಿಗೆ ನೀವು ಕೊಡುವ ಹಣದಲ್ಲಿ, ಅದು ಕೆಟ್ಟಾಗ ನೋಡಿಕೊಳ್ಳುವವರ ಕೂಲಿಯೂ ಸೇರಿದೆ. ಅಸೆಂಬಲ್ ಮಾಡಿಸಿದರೆ ಆ ಹಣ ನಿಮ್ಮಲ್ಲೇ ಉಳಿಯುತ್ತದೆ, ಜೊತೆಗೆ ನೋಡಿಕೊಳ್ಳುವ ಕೆಲಸವೂ ನಿಮ್ಮ ಪಾಲಿಗೇ ಬರುತ್ತದೆ. ನಮ್ಮ ಮನೆಗೆ ಅಸೆಂಬಲ್ ಮಾಡಿಸಿದ್ದೇ ಸರಿಹೋಯಿತು. ಶಿರಸಿಯಲ್ಲಿರುವ ನಮ್ಮ ಭಾವನಿಗೆ ಕಂಪನಿಯದ್ದೇ ಸರಿಹೋಯಿತು. ಎರಡೂ ಯಾಕೆ ಸರಿ ಎಂದು ಬಿಡಿಸಿ ಹೇಳುವುದೇ ಈ ವಾರದ ಅಂಕಣ.

ಎಸ್‌.ಪಿ. ರೋಡಿನಿಂದ ಬಂದ ಕಂಪ್ಯೂಟರ್

ನನ್ನ ಹೆಂಡತಿ ಮೈಸೂರಿನ ನಮ್ಮ ಮನೆಯಿಂದಲೇ ಪುಸ್ತಕಗಳ ಪುಟವಿನ್ಯಾಸ, ಮುಖಪುಟದ ಕೆಲಸ ಮಾಡುತ್ತಾಳೆ. 2018ರಲ್ಲಿ ಅವಳಿಗೆ ಹೊಸ ಕಂಪ್ಯೂಟರ್ ಬೇಕಾಯಿತು. ಅವಳ ಕೆಲಸಕ್ಕೆ ಬೇಕಾದದ್ದು ಹೆಚ್ಚು ರ‍್ಯಾಮ್, ಎಸ್‌ಎಸ್‌ಡಿ, ಬಣ್ಣ ಸರಿಯಾಗಿ ತೋರಿಸುವ ಮಾನಿಟರ್. ನಮ್ಮ ಬಜೆಟ್ಟಿನಲ್ಲಿ ಅಂಗಡಿಯವರು ತೋರಿಸಿದ ಕಂಪನಿ ಕಂಪ್ಯೂಟರುಗಳಲ್ಲಿ ದೊಡ್ಡ ಹಾರ್ಡ್‌ಡಿಸ್ಕ್ ಇತ್ತು, ಎಸ್‌ಎಸ್‌ಡಿ ಇರಲಿಲ್ಲ. ರ‍್ಯಾಮ್ ಒಂದೇ ಕಡ್ಡಿ. ಅವಳಿಗೆ ಬೇಡದ್ದಕ್ಕೆ ಹಣ ಕೊಟ್ಟು, ಬೇಕಾದದ್ದನ್ನು ಆಮೇಲೆ ಬೇರೆ ಕೊಳ್ಳಬೇಕಿತ್ತು. ಹಾಗಾಗಿ ಎಸ್‌.ಪಿ. ರೋಡಿಗೆ ಹೋದೆವು.

ಎಎಂಡಿ ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್ ಆರಿಸಿದೆವು. ಅಂಗಡಿಯ ಹಿಂಬದಿಯ ಮೇಜಿನ ಮೇಲೆ ಹುಡುಗನೊಬ್ಬ ನಮ್ಮೆದುರಿಗೇ ಜೋಡಿಸತೊಡಗಿದ. ಸಾಕೆಟ್ ಪಕ್ಕದ ಸಣ್ಣ ಲಿವರ್ ಎತ್ತಿದ. ಪ್ರೊಸೆಸರಿನ ಒಂದು ಮೂಲೆಯಲ್ಲಿ ಚಿನ್ನದ ಬಣ್ಣದ ಪುಟ್ಟ ತ್ರಿಕೋನವಿತ್ತು, ಸಾಕೆಟ್ಟಿನ ಮೂಲೆಯಲ್ಲೂ ಅಂಥದೇ ಗುರುತು. ಎರಡನ್ನೂ ಹೊಂದಿಸಿ ಮೆಲ್ಲಗೆ ಬಿಟ್ಟ. ಬೆರಳಿನಿಂದ ಒತ್ತಲಿಲ್ಲ, ಅದು ತನ್ನ ಭಾರಕ್ಕೇ ಕೂತಿತು. “ಇಲ್ಲಿ ಬಲ ಹಾಕ್ಬಾರ್ದು ಸಾರ್, ಪಿನ್ ಬಗ್ಗಿದ್ರೆ ವಾರಂಟಿನೂ ಇಲ್ಲ” ಎಂದ. ಫ್ಯಾನಿನ ನಾಲ್ಕು ಸ್ಕ್ರೂಗಳನ್ನು ಒಂದು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿದ. ರ‍್ಯಾಮ್ ಕಡ್ಡಿಗಳನ್ನು ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಿದ. ಅಷ್ಟರಲ್ಲಿ ನನ್ನ ಹೆಂಡತಿ ಪ್ರತಿ ಭಾಗದ ಡಬ್ಬದ ಮೇಲಿನ ಸೀರಿಯಲ್ ನಂಬರನ್ನು ಬಿಲ್ಲಿನಲ್ಲಿ ಬರೆಸಿಕೊಂಡಳು. ನೋಡಿ ಕಲಿತರೆ ಯಾರು ಬೇಕಾದರೂ ಮನೆಯಲ್ಲೇ ಮಾಡಿಕೊಳ್ಳಬಹುದಾದ ಕೆಲಸ ಅದು. ಎಲ್ಲ ಭಾಗಗಳನ್ನೂ ಒಂದೇ ಅಂಗಡಿಯಲ್ಲಿ ಕೊಂಡರೆ ಜೋಡಿಸುವ ಕೂಲಿಯೂ ದೊಡ್ಡದಲ್ಲ.

ಇದರ ನಿಜವಾದ ಲಾಭ ಗೊತ್ತಾಗಿದ್ದು ಕೆಲವು ವರ್ಷಗಳ ನಂತರ. ಕೆಲಸ ಹೆಚ್ಚಿ ಕಂಪ್ಯೂಟರ್ ನಿಧಾನ ಅನ್ನಿಸತೊಡಗಿತು. ಎಎಂಡಿ ತನ್ನ ಎಎಂ4 ಸಾಕೆಟ್ಟನ್ನು ವರ್ಷಗಟ್ಟಲೆ ಉಳಿಸಿಕೊಂಡು ಬಂದಿತ್ತು. 2022ರಲ್ಲಿ ಬಂದ ರೈಜನ್ 5 5600 ಕೂಡ ನಮ್ಮ ಹಳೆಯ ಬಿ450 ಬೋರ್ಡಿನಲ್ಲೇ, ಬಯೋಸ್ ಅಪ್‌ಡೇಟ್ ಮಾಡಿದರೆ ಕೂರುತ್ತಿತ್ತು. ಬೋರ್ಡ್, ರ‍್ಯಾಮ್, ಕ್ಯಾಬಿನೆಟ್, ಮಾನಿಟರ್ ಎಲ್ಲ ಹಾಗೇ ಇಟ್ಟುಕೊಂಡು ಪ್ರೊಸೆಸರ್ ಮಾತ್ರ ಬದಲಿಸಿದೆವು. ಹೊಸ ಕಂಪ್ಯೂಟರಿಗೆ ಆಗುತ್ತಿದ್ದ ಖರ್ಚಿನ ಕಾಲು ಭಾಗವೂ ಆಗಲಿಲ್ಲ.

ಕಷ್ಟವನ್ನೂ ಹೇಳಬೇಕು. ಒಂದು ಸಲ, ಎಲ್ಲ ಭಾಗಗಳಿಗೂ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಸತ್ತಿತು. ಮರುದಿನ ಪುಸ್ತಕವೊಂದು ಮುದ್ರಣಕ್ಕೆ ಹೋಗಬೇಕಿತ್ತು. ಅಸೆಂಬಲ್ಡ್ ಕಂಪ್ಯೂಟರುಗಳಲ್ಲಿ ಅದರ ಅಳತೆ ಸಾಮಾನ್ಯವಾಗಿ ಒಂದೇ ಆದ್ದರಿಂದ ಅದೇ ಸಂಜೆ ಮೈಸೂರಿನ ಅಂಗಡಿಯಲ್ಲಿ ಇನ್ನೊಂದು ಸಿಕ್ಕಿತು, ರಾತ್ರಿ ಕೆಲಸ ಮುಂದುವರಿಯಿತು. ಹಳೆಯದಕ್ಕೆ ವಾರಂಟಿ ಇತ್ತು. ಬದಲಿ ಬಂದದ್ದು ಮಾತ್ರ ವಾರಗಟ್ಟಲೆ ಕಾದ ಮೇಲೆ. ಅಂದರೆ ವಾರಂಟಿ ಇದ್ದೂ ಆ ದಿನ ಜೇಬಿನಿಂದ ಹಣ ಕೊಡಬೇಕಾಯಿತು. ಅಸೆಂಬಲ್ಡ್ ಕಂಪ್ಯೂಟರಿಗೆ ಒಂದು ವಾರಂಟಿ ಇಲ್ಲ, ಆರೇಳು ವಾರಂಟಿಗಳಿವೆ. ಬಾಕ್ಸ್ ಪ್ರೊಸೆಸರಿಗೆ ಮೂರು ವರ್ಷ, ಎಸ್‌ಎಸ್‌ಡಿಗೆ ಸಾಮಾನ್ಯವಾಗಿ ಮೂರೋ ಐದೋ ವರ್ಷ, ಒಳ್ಳೆಯ ರ‍್ಯಾಮ್‌ಗೆ ಹಲವು ಕಂಪನಿಗಳು ಆಜೀವ ವಾರಂಟಿಯನ್ನೇ ಕೊಡುತ್ತವೆ. ಕಾಗದದ ಮೇಲೆ ಇವು ಕಂಪನಿ ಕಂಪ್ಯೂಟರಿನ ವಾರಂಟಿಗಿಂತ ಉದ್ದವೇ. ಆದರೆ ಯಾವ ಭಾಗ ಕೆಟ್ಟಿದೆ ಎಂದು ಕಂಡುಹಿಡಿದು, ಬಿಚ್ಚಿ, ಸರ್ವಿಸ್ ಸೆಂಟರಿಗೆ ಒಯ್ಯುವವರು ನೀವೇ.

ಶಿರಸಿಗೆ ಬಂದ ಕಂಪ್ಯೂಟರ್

ಭಾವ ಶಿರಸಿಯಲ್ಲಿ ಅಡಿಕೆ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುತ್ತಾನೆ. ಟ್ಯಾಲಿ, ಎಕ್ಸೆಲ್, ಬ್ರೌಸರ್ ಇವಿಷ್ಟೇ ಅವನ ಕೆಲಸ. ಭಾರೀ ಯಂತ್ರವೇನೂ ಬೇಡ. ಆದರೆ ಪ್ರತಿ ತಿಂಗಳು 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ ಎಂಬ ಜಿಎಸ್‌ಟಿ ರಿಟರ್ನುಗಳನ್ನು ಸಲ್ಲಿಸಲೇಬೇಕು. ತೆರಿಗೆ ಬಾಕಿ ಇರುವ 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ಕಟ್ಟದ ತೆರಿಗೆಗೆ ವರ್ಷಕ್ಕೆ ಶೇ 18ರ ಬಡ್ಡಿ. ಅವನಿಗಿರುವ ಪಾರ್ಟಿಗಳ ಸಂಖ್ಯೆಯಿಂದ ಇದನ್ನು ಗುಣಿಸಿ ನೋಡಿ. “ಮಾರಾಯ, ಇಪ್ಪತ್ತನೇ ತಾರೀಖಿಗೆ ಇದು ಕೈ ಕೊಟ್ರೆ ಪಾರ್ಟಿಗಳಿಗೆ ನಾನು ಏನು ಹೇಳ್ಲಿ?” ಎಂದು ಕೇಳಿದ. ಆ ಪ್ರಶ್ನೆಯಲ್ಲೇ ಉತ್ತರವೂ ಇತ್ತು.

ಅವನಿಗೆ ಕಚೇರಿ ಬಳಕೆಗೆಂದೇ ಮಾರುವ ಮಾದರಿಯನ್ನು, ಮೂರು ವರ್ಷದ ಆನ್‌ಸೈಟ್ ವಾರಂಟಿ ಸಹಿತ ಕೊಡಿಸಿದೆ. ಮನೆ ಬಳಕೆಯ ಮಾದರಿಗಳಿಗೆ ಹೆಚ್ಚಾಗಿ ಒಂದೇ ವರ್ಷ ಇರುತ್ತದೆ, ಗಮನಿಸಿ. ಕೊಳ್ಳುವ ಮುಂಚೆ ಕಂಪನಿಗೆ ಫೋನ್ ಮಾಡಿ ಶಿರಸಿಯ ಪಿನ್‌ಕೋಡ್ ಹೇಳಿ, ಅಲ್ಲಿಗೆ ಎಂಜಿನಿಯರ್ ಬರುತ್ತಾರೆಯೇ ಎಂದು ಕೇಳಿ ಖಚಿತಪಡಿಸಿಕೊಂಡೆ. ಎರಡನೆಯ ವರ್ಷ ಮದರ್‌ಬೋರ್ಡ್ ಕೆಟ್ಟಿತು. ಭಾವ ಒಂದು ಕರೆ ಮಾಡಿದ. ಹುಬ್ಬಳ್ಳಿಯಿಂದ ಎಂಜಿನಿಯರ್ ಹೊಸ ಬೋರ್ಡ್ ಹಿಡಿದು ಬಂದರು, ಹಾಕಿದರು, ಸಹಿ ಹಾಕಿಸಿಕೊಂಡು ಹೋದರು. ಯಾವ ಭಾಗ ಕೆಟ್ಟಿದೆ ಎಂದು ಭಾವ ತಿಳಿಯಬೇಕಾಗಲೇ ಇಲ್ಲ. ಹೆಚ್ಚಿಗೆ ಕೊಟ್ಟ ಹಣ ಅವನಿಗೆ ತಂದುಕೊಟ್ಟದ್ದು ಈ ನಿಶ್ಚಿಂತೆಯನ್ನು.

ವರ್ಷದ ಲೆಕ್ಕ

ಈಗ ಒಂದು ಉದಾಹರಣೆ ಲೆಕ್ಕ. ಕಂಪನಿಯದ್ದು 62,000 ರೂಪಾಯಿ, ವಿಂಡೋಸ್ ಸೇರಿ. ಅಸೆಂಬಲ್ಡ್ 55,000. ಮೇಲ್ನೋಟಕ್ಕೆ 7,000 ಉಳಿಯಿತು. ಆದರೆ ಅಸೆಂಬಲ್ಡ್ ಕೊಟೇಶನ್ನಿನಲ್ಲಿ ವಿಂಡೋಸ್ ಸಾಮಾನ್ಯವಾಗಿ ಇರುವುದಿಲ್ಲ. “ಹಾಕಿಕೊಡ್ತೀವಿ ಬಿಡಿ” ಎಂದರೆ ಕಳ್ಳ ಪ್ರತಿ ಎಂದೇ ಅರ್ಥ. ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರಿಗೆ ಅದನ್ನು ಹಾಕಿಸಬೇಡಿ. ಅಸಲಿ ವಿಂಡೋಸ್ 11 ಹೋಮ್‌ಗೆ ಹತ್ತು ಸಾವಿರದ ಆಸುಪಾಸು ಇಟ್ಟುಕೊಳ್ಳಿ. ತುರ್ತು ರಿಪೇರಿಗೆ 5,000 ಬದಿಗಿಡಿ. ಅಲ್ಲಿಗೆ 70,000 ಆಯಿತು.

ಎರಡನ್ನೂ ಐದು ವರ್ಷ ಬಳಸಿ ಬಿಟ್ಟರೆ ಕಂಪನಿಯದ್ದಕ್ಕೆ ವರ್ಷಕ್ಕೆ 12,400, ಅಸೆಂಬಲ್ಡ್‌ಗೆ 14,000. ಅಗ್ಗವಾಗಿ ಕಂಡದ್ದೇ ದುಬಾರಿ! ಅಸೆಂಬಲ್ಡ್ ಅನ್ನು ನಾಲ್ಕೈದನೆಯ ವರ್ಷದಲ್ಲಿ 15,000 ಖರ್ಚು ಮಾಡಿ ಅಪ್‌ಗ್ರೇಡ್ ಮಾಡಿ ಎಂಟು ವರ್ಷ ನಡೆಸಿದರೆ ಒಟ್ಟು 85,000, ವರ್ಷಕ್ಕೆ 10,625. ಅಸೆಂಬಲ್ ಮಾಡಿಸುವುದರ ಉಳಿತಾಯ ಕೊಳ್ಳುವ ದಿನ ಸಿಗುವುದಿಲ್ಲ, ಅಪ್‌ಗ್ರೇಡ್ ಮಾಡುವ ದಿನ ಸಿಗುತ್ತದೆ. ಅಪ್‌ಗ್ರೇಡ್ ಮಾಡುವ ಮನಸ್ಸೇ ಇಲ್ಲದವರು ಹಣ ಉಳಿಸಲೆಂದು ಅಸೆಂಬಲ್ ಮಾಡಿಸುವುದರಲ್ಲಿ ಅರ್ಥವಿಲ್ಲ. ವಿಂಡೋಸ್ ಬೇಡ, ಉಬುಂಟು ಸಾಕು ಎನ್ನುವವರಿಗೆ ಮಾತ್ರ ಈ ಲೆಕ್ಕ ಮೊದಲ ದಿನವೇ ಬದಲಾಗುತ್ತದೆ. ಅದು ಉಚಿತ, ಕನ್ನಡವೂ ಚೆನ್ನಾಗಿ ನಡೆಯುತ್ತದೆ.

ಕೊಟೇಶನ್ ಓದುವುದು ಹೀಗೆ

ಅಸೆಂಬಲ್ಡ್ ಕೊಟೇಶನ್ನಿನಲ್ಲಿ ನಾನು ಮೊದಲು ನೋಡುವ ಸಾಲು ಎಸ್‌ಎಂಪಿಎಸ್. “ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್” ಎಂದಷ್ಟೇ ಬರೆದಿದ್ದರೆ ಹೆಸರು, ಮಾದರಿ ಕೇಳಿ. ಬೆಲೆ ಇಳಿಸಿ ತೋರಿಸಲು ಸುಲಭವಾದ ಜಾಗ ಅದೇ. ಅದು ಕೆಟ್ಟರೆ ಬೋರ್ಡನ್ನೂ ಜೊತೆಗೆ ಒಯ್ಯಬಹುದು. ಹೆಸರಿರುವ ಕಂಪನಿಯ, ವಿದ್ಯುತ್ ದಕ್ಷತೆಯ 80 ಪ್ಲಸ್ ಬ್ರಾಂಜ್ ಗುರುತಿನದ್ದನ್ನು ಬೇರೆಯಾಗಿ ಕೊಳ್ಳಿ.

ಪ್ರೊಸೆಸರ್ ಬಾಕ್ಸೋ, ಡಬ್ಬವಿಲ್ಲದೆ ಬಿಡಿಯಾಗಿ ಬರುವ ಟ್ರೇಯೋ ಕೇಳಿ. ಟ್ರೇ ಆದರೆ ತಯಾರಕರ ಮೂರು ವರ್ಷದ ವಾರಂಟಿ ಸಿಗದಿರಬಹುದು. ಇಂಟೆಲ್ ಪ್ರೊಸೆಸರಿನ ಹೆಸರು ಎಫ್ ಅಕ್ಷರದಿಂದ ಮುಗಿದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಕೊಳ್ಳದೆ ಪರದೆಯ ಮೇಲೆ ಏನೂ ಮೂಡದು. 16 ಜಿಬಿ ರ‍್ಯಾಮ್ ಎಂದರೆ 8ರ ಎರಡು ಕಡ್ಡಿ ಹಾಕಿಸಿ. ಎರಡು ಚಾನೆಲ್ಲಿನಲ್ಲಿ ನಡೆದರೆ ವೇಗ ಹೆಚ್ಚು, ಒಂದು ಕೆಟ್ಟರೂ ಇನ್ನೊಂದರಲ್ಲಿ ಕೆಲಸ ಸಾಗುತ್ತದೆ.

ಕಂಪನಿಯ ಕಂಪ್ಯೂಟರ್ ಕೊಳ್ಳುವವರು ಕೇಳಬೇಕಾದದ್ದು ಬೇರೆ. ರ‍್ಯಾಮ್‌ಗೆ ಇನ್ನೊಂದು ಸ್ಲಾಟ್ ಖಾಲಿ ಇದೆಯೇ? ಎಸ್‌ಎಂಪಿಎಸ್ ಎಷ್ಟು ವ್ಯಾಟ್? ಕೆಲವು ಮಾದರಿಗಳಲ್ಲಿ ಬೋರ್ಡ್, ಎಸ್‌ಎಂಪಿಎಸ್ ಎರಡೂ ಆ ಕಂಪನಿಯದ್ದೇ ಅಳತೆಯವು. ಅಂಗಡಿಯಲ್ಲಿ ಸಿಗುವ ಮಾಮೂಲಿ ಭಾಗ ಅದರೊಳಗೆ ಕೂರುವುದಿಲ್ಲ. ವಾರಂಟಿ ಮುಗಿದ ಮೇಲೆ ಅಂಥದ್ದರ ರಿಪೇರಿ ಕಷ್ಟ. ಹಾಗಾಗಿ ಅದನ್ನು ಕೊಳ್ಳುವಾಗಲೇ ಐದು ವರ್ಷಕ್ಕೆ ಸಾಲುವಷ್ಟು ರ‍್ಯಾಮ್ ಇರುವಂತೆ ನೋಡಿಕೊಳ್ಳಿ.

ಯಾವುದನ್ನೇ ಕೊಂಡರೂ ಯುಪಿಎಸ್ ಬಿಡಬೇಡಿ. ಸಿಡಿಲು, ವೋಲ್ಟೇಜ್ ಏರಿಳಿತಕ್ಕೆ ಸುಟ್ಟದ್ದಕ್ಕೆ ಸಾಮಾನ್ಯವಾಗಿ ವಾರಂಟಿ ಅನ್ವಯವಾಗುವುದಿಲ್ಲ. ಮಲೆನಾಡಿನವರಿಗೆ ಇದನ್ನು ಹೇಳಬೇಕಾದ್ದೇ ಇಲ್ಲ. ಹಾಗೆಯೇ ಯಾವ ವಾರಂಟಿಯೂ ನಿಮ್ಮ ಫೈಲುಗಳನ್ನು ವಾಪಸ್ ತಂದುಕೊಡದು. ಹೊರಗಿನ ಡಿಸ್ಕ್ ಒಂದಕ್ಕೂ ಬಜೆಟ್ಟಿನಲ್ಲಿ ಜಾಗ ಇರಲಿ.

ತೆರಿಗೆ, ಇಎಂಐ, ಸಮಯ

ಇಡೀ ಕಂಪ್ಯೂಟರಿಗೂ ಬಿಡಿಭಾಗಗಳಿಗೂ ಜಿಎಸ್‌ಟಿ ಶೇ 18. ಆದ್ದರಿಂದ ತೆರಿಗೆಯಲ್ಲಿ ಉಳಿಯುತ್ತದೆ ಎಂಬ ಮಾತಿಲ್ಲ. ಬಿಲ್ ಇಲ್ಲದೆ ಕೊಂಡರೆ ಕಡಿಮೆ ಎಂದು ಯಾರಾದರೂ ಹೇಳಿದರೆ, ಆರೇಳು ವಾರಂಟಿಗಳನ್ನೂ ಒಟ್ಟಿಗೆ ಕಳೆದುಕೊಳ್ಳುತ್ತೀರಿ ಎಂದು ತಿಳಿಯಿರಿ. ವ್ಯಾಪಾರಕ್ಕೆ ಕೊಳ್ಳುವವರು, ಜಿಎಸ್‌ಟಿ ನೋಂದಣಿ ಇದ್ದರೆ ಆ ನಂಬರ್ ಹಾಕಿಸಿ ಬಿಲ್ ಪಡೆದು ಹೂಡುವಳಿ ತೆರಿಗೆ ವಾಪಸ್ ಪಡೆಯಬಹುದು. ಆದಾಯ ತೆರಿಗೆಯಲ್ಲಿ ಕಂಪ್ಯೂಟರಿಗೆ ಶೇ 40ರ ಸವಕಳಿ ಇದೆ. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರಲ್ಲಿ ಅರ್ಧ. ಸೆಪ್ಟೆಂಬರ್ ಮುಗಿಯುವುದರೊಳಗೆ ಕೊಂಡು ಬಳಕೆಗೆ ತಂದರೆ ಪೂರ್ತಿ ಸಿಗುತ್ತದೆ. ವಾಪಸ್ ಪಡೆದ ಜಿಎಸ್‌ಟಿ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ. ಅಂದಾಜು ಆದಾಯದ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಸವಕಳಿ ಬೇರೆಯಾಗಿ ಇಲ್ಲ.

ನೋ ಕಾಸ್ಟ್ ಇಎಂಐಯಲ್ಲಿ ಬಡ್ಡಿಯ ಮೇಲಿನ ಜಿಎಸ್‌ಟಿ ನಿಮ್ಮದೇ. ಒಮ್ಮೆಗೇ ಹಣ ಕೊಟ್ಟರೆ ಎಷ್ಟು ಬಿಡುತ್ತೀರಿ ಎಂದು ಅಂಗಡಿಯಲ್ಲಿ ಕೇಳಿದ ಮೇಲೆ ತೀರ್ಮಾನಿಸಿ.

ಮಾರುಕಟ್ಟೆಯ ಹವೆಯನ್ನೂ ನೋಡಿ. 2021ರಲ್ಲಿ ಚಿಪ್ ಕೊರತೆ ಮತ್ತು ಕ್ರಿಪ್ಟೋ ಗಣಿಗಾರಿಕೆಯಿಂದಾಗಿ ಗ್ರಾಫಿಕ್ಸ್ ಕಾರ್ಡ್ ಬೆಲೆ ಕೈಗೆಟುಕದಂತಾಗಿತ್ತು. 2025ರ ಕೊನೆಗೆ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿತು. ಮೈಕ್ರಾನ್ ಕಂಪನಿಯಂತೂ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ತನ್ನ ಕ್ರೂಶಿಯಲ್ ವ್ಯವಹಾರವನ್ನೇ ನಿಲ್ಲಿಸುವುದಾಗಿ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಬಿಡಿಭಾಗದ ಬೆಲೆ ಹೀಗೆ ಏರಿದಾಗ, ಹಳೆಯ ದರದಲ್ಲಿ ಭಾಗಗಳನ್ನು ಕೊಂಡು ಜೋಡಿಸಿಟ್ಟ ಕಂಪನಿ ಕಂಪ್ಯೂಟರೇ ಅಗ್ಗವಾಗಿ ಸಿಗುವುದುಂಟು. ಹೋದ ವರ್ಷ ಗೆಳೆಯನಿಗೆ ಲಾಭವಾದ ದಾರಿ ಈ ವರ್ಷ ನಿಮಗೆ ನಷ್ಟವಾಗಬಹುದು.

ನಿಮಗೆ ಯಾವುದು?

ಲೆಕ್ಕಪತ್ರ, ಕಚೇರಿ, ಸಣ್ಣ ಅಂಗಡಿ, ಹಿರಿಯರಿರುವ ಮನೆ, ದೊಡ್ಡ ಊರಿನಿಂದ ದೂರದ ಜಾಗ: ಇಲ್ಲೆಲ್ಲ ಕಂಪನಿಯದ್ದು, ಆನ್‌ಸೈಟ್ ವಾರಂಟಿ ಸಹಿತ. ವಿಡಿಯೊ ಎಡಿಟಿಂಗ್, ವಿನ್ಯಾಸ, ಅನಿಮೇಷನ್, ಗೇಮಿಂಗ್, ಬಿಚ್ಚಿ ಕೂಡಿಸಿ ಕಲಿಯುವ ಆಸೆಯಿರುವ ವಿದ್ಯಾರ್ಥಿ: ಇವರಿಗೆ ಅಸೆಂಬಲ್ಡ್. ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿಯುವ ಒಬ್ಬರು, ಒಂದೆರಡು ಗಂಟೆಯ ದೂರದಲ್ಲಿ ಬಿಡಿಭಾಗದ ಅಂಗಡಿ, ಮುಂದೆ ಅಪ್‌ಗ್ರೇಡ್ ಮಾಡುವ ಯೋಚನೆ, ಈ ಮೂರೂ ಇದ್ದರೆ ಮಾತ್ರ ಆ ದಾರಿಗೆ ಹೋಗಿ. ಮಗಳು ತಾನೇ ಜೋಡಿಸುತ್ತೇನೆ ಎಂದರೆ ಬೇಡ ಅನ್ನಬೇಡಿ. ಎಂಟು ವರ್ಷ ಆ ಯಂತ್ರವನ್ನು ನೋಡಿಕೊಳ್ಳುವವರು ಮನೆಯಲ್ಲೇ ತಯಾರಾಗುತ್ತಾರೆ.

ಎರಡು ಕೊಟೇಶನ್ನುಗಳ ಕೆಳಗೂ ನಾಲ್ಕು ಸಾಲು ಬರೆಯಿರಿ: ವಿಂಡೋಸಿಗೆ ಎಷ್ಟು, ಕೆಟ್ಟರೆ ಯಾರು ಬರುತ್ತಾರೆ, ಅಷ್ಟು ದಿನ ಕೆಲಸ ನಿಂತರೆ ಎಷ್ಟು ನಷ್ಟ, ಎಷ್ಟು ವರ್ಷ ನಡೆಸುತ್ತೇನೆ. ಒಟ್ಟು ಮೊತ್ತವನ್ನು ವರ್ಷಗಳಿಂದ ಭಾಗಿಸಿ. ಅಲ್ಲಿ ಬರುವ ಸಂಖ್ಯೆಯೇ ನಿಮ್ಮ ಕಂಪ್ಯೂಟರಿನ ನಿಜವಾದ ಬೆಲೆ. ಅದನ್ನು ನೋಡಿದ ಮೇಲೆ ಅಡ್ವಾನ್ಸ್ ಕೊಡಿ.