ಸೆರೆಯವರಿಗೆ ಬಂದ ಪತ್ರ

ಓದತಕ್ಕ ಭಾಗಗಳು: ಯೆರೆಮೀಯ 28ನೆಯ ಅಧ್ಯಾಯ, 29:1–14, ದಾನಿಯೇಲ 9:1–19.

ಈ ಪಾಠಕ್ಕೆ ಕೈಹಾಕುವದಕ್ಕೆ ಮುಂಚೆ ಸತ್ಯವೇದವನ್ನು ತೆರೆದು ಮೇಲೆ ಕಾಣಿಸಿದ ಭಾಗಗಳನ್ನು ಒಂದಾವರ್ತಿ ಗಟ್ಟಿಯಾಗಿ ಓದಿಕೊಳ್ಳಿರಿ. ಮನೆಯಲ್ಲಿ ಓದುಬಾರದ ಹಿರಿಯರಿದ್ದರೆ ಮಕ್ಕಳಿಂದ ಓದಿಸಿ ಅವರಿಗೂ ಕೇಳಿಸಿರಿ. ನಾನು ಇಲ್ಲಿ ಬರೆಯುವದೆಲ್ಲವೂ ಆ ಓದಿನ ಮೇಲೆ ನಿಂತಿದೆ. ಓದದೆ ಇದನ್ನು ಮಾತ್ರ ಓದುವದಾದರೆ ನಾನು ಯಾವ ತಪ್ಪನ್ನು ಕುರಿತು ಬರೆಯುತ್ತಿದ್ದೇನೋ ಅದೇ ತಪ್ಪನ್ನು ನೀವೂ ಮಾಡಿದ ಹಾಗಾಗುವದು.

ಯೆರೆಮೀಯ 29ನೆಯ ಅಧ್ಯಾಯದ 11ನೆಯ ವಚನವನ್ನು ತಿಳಿಯದ ಕ್ರೈಸ್ತರು ಈಗ ಅಪರೂಪ. ದೇವರು ತನ್ನ ಜನರ ವಿಷಯದಲ್ಲಿ ಮಾಡುವ ಆಲೋಚನೆಗಳು ಅಹಿತಕ್ಕಲ್ಲ, ಹಿತಕ್ಕೇ ಎಂಬದೂ, ಆತನು ಅವರಿಗೆ ಮುಂದಣ ನಿರೀಕ್ಷೆಯನ್ನು ಕೊಡುವನೆಂಬದೂ ಅದರ ಸಾರಾಂಶ. ಹೊಸ ವರುಷದ ರಾತ್ರಿಯ ಆರಾಧನೆಯಲ್ಲಿ ಎತ್ತುವ ವಾಗ್ದಾನದ ಚೀಟಿಗಳಲ್ಲಿ ಅದು ಇರುತ್ತದೆ. ಗೋಡೆಯ ಪಂಚಾಂಗದಲ್ಲಿ ಇರುತ್ತದೆ. ಬೆಳಗಾದರೆ ಮೊಬೈಲಿನಲ್ಲಿ ಸೂರ್ಯೋದಯದ ಚಿತ್ರದ ಮೇಲೆ ಬರೆಯಲ್ಪಟ್ಟು ನಮ್ಮ ಕೈಗೆ ಬರುತ್ತದೆ. ಅದನ್ನು ಹಾಗೆ ಕಳುಹಿಸುವವರಲ್ಲಿ ನಾನೂ ಒಬ್ಬನಾಗಿದ್ದೆನು.

ನಾನು ಸೇವೆ ಮಾಡುತ್ತಿದ್ದ ಒಂದು ಹಳ್ಳಿಯ ಸಭೆಯಲ್ಲಿ ಒಬ್ಬ ಸಹೋದರಿಯ ಗಂಡನು ಉದರವ್ಯಾಧಿಯಿಂದ ಬಹಳ ದಿವಸ ಹಾಸಿಗೆ ಹಿಡಿದಿದ್ದನು. ವೈದ್ಯರು ಹೆಚ್ಚು ಭರವಸ ಕೊಟ್ಟಿರಲಿಲ್ಲ. ನಾನು ಆಕೆಗೆ ಈ ವಚನವನ್ನು ಕಳುಹಿಸಿ, ಇದು ನಿನಗೇ ಬಂದ ದೇವರ ಮಾತು, ಗಟ್ಟಿಯಾಗಿ ಹಿಡಿದುಕೋ ಎಂದು ಸೇರಿಸಿದೆನು. ಆಕೆ ಅದನ್ನು ಮಗಳಿಂದ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆಸಿ, ಹೋಗುವಾಗಲೂ ಬರುವಾಗಲೂ ಮುಟ್ಟಿಕೊಳ್ಳುತ್ತಿದ್ದಳು. ರಾಗಿಯ ಕೊಯ್ಲಿಗೆ ಮುಂಚೆ ಗಂಡನು ತೀರಿಕೊಂಡನು. ಎರಡು ತಿಂಗಳು ಆಕೆ ಆರಾಧನೆಗೆ ಬರಲಿಲ್ಲ. ನಾನು ಮನೆಗೆ ಹೋದಾಗ ಆ ಬರಹ ಇನ್ನೂ ಗೋಡೆಯ ಮೇಲೆ ಇತ್ತು. ಆಕೆ ಅಳಲಿಲ್ಲ, ಗದರಿಸಲೂ ಇಲ್ಲ. "ಅಯ್ಯಾ, ಆ ಮಾತು ದೇವರು ನನಗೆ ಹೇಳಿದ್ದೋ, ನೀವು ಹೇಳಿದ್ದೋ?" ಎಂದು ಮಾತ್ರ ಕೇಳಿದಳು. ನಾನು ನಂಬಿಕೆಯ ಶೋಧನೆಯನ್ನು ಕುರಿತು ಏನೋ ನಾಲ್ಕು ಮಾತು ಹೇಳಿ, ಪ್ರಾರ್ಥನೆ ಮಾಡಿ, ಹೊರಗೆ ಬಂದೆನು. ಆ ರಾತ್ರಿ ಆ ಅಧ್ಯಾಯವನ್ನು ಮೊದಲನೆಯ ವಚನದಿಂದ ಓದಿದೆನು. ಹಾಗೆ ಓದಿ ಎಷ್ಟೋ ವರುಷಗಳಾಗಿದ್ದವು.

ಆ ಅಧ್ಯಾಯವು ಒಂದು ಪತ್ರ. ಪತ್ರವೆಂದ ಮೇಲೆ ಬರೆದವನೊಬ್ಬನು, ಬರೆಸಿಕೊಂಡವರು ಕೆಲವರು, ಬರೆಯುವದಕ್ಕೆ ಒಂದು ಕಾರಣ ಇರಲೇಬೇಕಷ್ಟೆ. ಕ್ರಿ. ಪೂ. 597ರಲ್ಲಿ ಬಾಬೆಲಿನ ಅರಸನಾದ ನೆಬೂಕದ್ನೆಚ್ಚರನು ಯೆರೂಸಲೇಮನ್ನು ವಶಮಾಡಿಕೊಂಡು, ಎಳೆಯ ಅರಸನಾದ ಯೆಕೊನ್ಯನನ್ನೂ ಅವನ ತಾಯಿಯನ್ನೂ ಪ್ರಧಾನರನ್ನೂ ಬಡಗಿ ಕಮ್ಮಾರರನ್ನೂ ಸೆರೆಯಾಗಿ ಒಯ್ದನು. ಊರಿನಲ್ಲಿ ಉಳಿದವರ ಮೇಲೆ ಚಿದ್ಕೀಯನನ್ನು ಅರಸನಾಗಿ ಇಟ್ಟನು. ಯೆರೆಮೀಯನು ಯೆರೂಸಲೇಮಿನಲ್ಲಿಯೇ ಉಳಿದನು. ಚಿದ್ಕೀಯನು ಬಾಬೆಲಿಗೆ ಕಳುಹಿಸಿದ ರಾಯಭಾರಿಗಳ ಕೈಯಲ್ಲಿ ಅವನು ಈ ಪತ್ರವನ್ನು ಕೊಟ್ಟುಕಳುಹಿಸಿದನು. ಮುಂದಿನ ಕಾಲದಲ್ಲಿ ಎಜ್ರನು ಬಾಬೆಲಿನಿಂದ ಯೆರೂಸಲೇಮಿಗೆ ಬರುವದಕ್ಕೆ ನಾಲ್ಕು ತಿಂಗಳು ಹಿಡಿಯಿತೆಂದು ಅವನ ಗ್ರಂಥದ 7ನೆಯ ಅಧ್ಯಾಯದಲ್ಲಿ ಓದುತ್ತೇವೆ. ಅಷ್ಟು ದೂರದಿಂದ ಬಂದ ಪತ್ರವನ್ನು ಆ ಸೆರೆಯವರು ಒಂದು ಸಾಲು ಕೇಳಿ ಎದ್ದುಹೋದಾರೇ?

ಪತ್ರದ ಆರಂಭವು ಅವರಿಗೆ ಇಷ್ಟವಾಗಿರಲಾರದು. ಮನೆಗಳನ್ನು ಕಟ್ಟಿ ವಾಸಮಾಡಬೇಕೆಂದೂ, ತೋಟಗಳನ್ನು ಮಾಡಿ ಅದರ ಫಲವನ್ನು ತಿನ್ನಬೇಕೆಂದೂ, ಗಂಡು ಹೆಣ್ಣು ಮಕ್ಕಳಿಗೆ ಮದುವೆಮಾಡಿ ಮೊಮ್ಮಕ್ಕಳನ್ನು ಕಾಣಬೇಕೆಂದೂ, ತಮ್ಮನ್ನು ಸೆರೆಯೊಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಬೇಕೆಂದೂ ದೇವರು ಅಪ್ಪಣೆಕೊಡುತ್ತಾನೆ. ಮಾವಿನ ಸಸಿಯನ್ನು ನೆಡುವವನು ಬರುವ ತಿಂಗಳು ಊರು ಬಿಡುವವನಲ್ಲವೆಂಬದು ರೈತರಾದ ನಿಮಗೆ ಹೇಳಬೇಕಾಗಿಲ್ಲ. ಅನಂತರ 10ನೆಯ ವಚನದಲ್ಲಿ ಬಾಬೆಲಿಗೆ 70 ವರುಷ ತುಂಬಿದ ಮೇಲೆ ದೇವರು ಅವರನ್ನು ದರ್ಶಿಸಿ ತಿರಿಗಿ ಕರತರುವನೆಂದು ಹೇಳಲ್ಪಟ್ಟಿದೆ. ಅದಾದ ಮೇಲೆಯೇ ನಮ್ಮ ಮೊಬೈಲಿನ ವಚನವು ಬರುತ್ತದೆ. ನಾವು ಹನ್ನೊಂದನ್ನು ಚಿತ್ರಕ್ಕೆ ಹಾಕಿದೆವು, ಹತ್ತನ್ನು ಹಾಕಲಿಲ್ಲ.

28ನೆಯ ಅಧ್ಯಾಯವನ್ನು ಜೊತೆಯಲ್ಲಿ ಓದಬೇಕೆಂದು ನಾನು ಹೇಳಿದ್ದು ಯಾಕಂದರೆ, ಅಲ್ಲಿ ಇನ್ನೊಬ್ಬ ಪ್ರವಾದಿಯು ಇದ್ದಾನೆ. ಹನನ್ಯನೆಂಬವನು ದೇವಾಲಯದಲ್ಲಿ ಎಲ್ಲರ ಮುಂದೆ ನಿಂತು, ಎರಡು ವರುಷದೊಳಗೆ ಯೆಕೊನ್ಯನೂ ಸೆರೆಯವರೆಲ್ಲರೂ ಆಲಯದ ಪಾತ್ರೆಗಳೂ ಹಿಂದಿರುಗುವವು ಎಂದು ಸಾರಿ, ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ತೆಗೆದು ಮುರಿದುಹಾಕಿದನು. ಯೆರೆಮೀಯನಿಗೆ ಅದು ನಿಜವಾಗಲಿ ಎಂಬ ಆಶೆಯೂ ಇತ್ತು. ಹಾಗೆಯೇ ಆಗಲಿ ಎಂದು ಅವನು ಮೊದಲು ಹೇಳಿದ್ದನ್ನು ಗಮನಿಸಿರಿ. ಸುಳ್ಳು ಪ್ರವಾದಿಯ ಮಾತು ಯಾವಾಗಲೂ ಕೆಟ್ಟದಾಗಿ ಕೇಳಿಸುವದಿಲ್ಲ. ಹನನ್ಯನು ಜನರಿಗೆ ಹೇಳಿದ್ದು ಸಂತೋಷದ ಸುದ್ದಿಯೇ. ಅದು ದೇವರ ಹೆಸರಿನಲ್ಲಿಯೇ ಬಂದಿತು. ಆದರೆ ದೇವರು ಅದನ್ನು ಹೇಳಿರಲಿಲ್ಲ. ಅದೇ ವರುಷದ ಏಳನೆಯ ತಿಂಗಳಲ್ಲಿ ಹನನ್ಯನು ಸತ್ತನು. ನಾನು ಆ ಸಹೋದರಿಗೆ ಕಳುಹಿಸಿದ್ದು ಯೆರೆಮೀಯನ ವಚನವನ್ನಾದರೂ, ಅದರ ಅರ್ಥವನ್ನು ಹನನ್ಯನಿಂದ ತಕ್ಕೊಂಡಿದ್ದೆನು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯದೆ ಬಿಟ್ಟರೆ ಪಾಠಕ್ಕೆ ಅರ್ಥವಿಲ್ಲ.

ಭಾಷೆಯ ವಿಷಯದಲ್ಲಿ ಒಂದು ಮಾತು. ನಮ್ಮ ಕನ್ನಡ ಸತ್ಯವೇದದಲ್ಲಿ ದೇವರು ಒಬ್ಬ ಮನುಷ್ಯನ ಸಂಗಡ ಮಾತಾಡುವಾಗ ಸಾಮಾನ್ಯವಾಗಿ "ನೀನು" ಎನ್ನುತ್ತಾನೆ. ಅಬ್ರಹಾಮನಿಗೂ ಮೋಶೆಗೂ ಹಾಗೆಯೇ ಅಂದನು. ಈ ವಚನದಲ್ಲಿರುವದು "ನಿಮ್ಮ" ಎಂಬ ಮಾತು. ನಾವು ಹಿರಿಯರನ್ನು ಮರ್ಯಾದೆಯಿಂದ "ನೀವು" ಎನ್ನುವ ಅಭ್ಯಾಸವುಳ್ಳವರಾದದರಿಂದ ಅದನ್ನು ಒಬ್ಬರಿಗೇ ಹೇಳಿದ ಹಾಗೆ ಕೇಳಿಕೊಳ್ಳುತ್ತೇವೆ. ಇಬ್ರಿಯ ಮೂಲದಲ್ಲಿ ಇದು ಬಹುವಚನವೇ. ಎಂದರೆ ಸೆರೆಯಲ್ಲಿದ್ದ ಜನಾಂಗವೆಲ್ಲಕ್ಕೂ, ಇನ್ನೂ ಹುಟ್ಟದ ಅವರ ಮಕ್ಕಳಿಗೂ ಸೇರಿ ಹೇಳಿದ ಮಾತು. ಬಾಬೆಲು ಕ್ರಿ. ಪೂ. 539ರಲ್ಲಿ ಪಾರಸಿಯರ ವಶವಾಗಿ, ಅದರ ಮುಂದಿನ ವರುಷ ಅರಸನಾದ ಕೋರೆಷನು ಯೆಹೂದ್ಯರಿಗೆ ಹಿಂದಿರುಗಲು ಅಪ್ಪಣೆಕೊಟ್ಟನು. ಅಷ್ಟರಲ್ಲಿ ಪತ್ರವು ಬಂದು ಐವತ್ತು ವರುಷಗಳ ಮೇಲಾಗಿತ್ತು. ಅದನ್ನು ಕೇಳುವಾಗ ನರೆಗೂದಲಿದ್ದವರು ಬಾಬೆಲಿನ ಮಣ್ಣಿನಲ್ಲಿ ಹೂಣಲ್ಪಟ್ಟಿದ್ದರು.

ಇದನ್ನೆಲ್ಲಾ ನಾನು ಆ ಸಹೋದರಿಯ ಮನೆಯ ಜಗಲಿಯ ಮೇಲೆ ಕೂತು, ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡು, ಎರಡು ಸಾಯಂಕಾಲ ಓದಿ ತಿಳಿಸಿದೆನು. ನೆರೆಯವರು ಕೆಲವರು ಬಂದು ಕೂತರು. ಮಗಳು ಓದುತ್ತಿದ್ದಳು. 70 ವರುಷದ ಮಾತು ಬಂದಾಗ ಆಕೆ ಓದನ್ನು ನಿಲ್ಲಿಸಿ, "ಹಾಗಾದರೆ ಈ ಕಾಗದ ಬಂದ ಮೇಲೆ ಅವರೂ ಅಲ್ಲಿ ಗಂಡಂದಿರನ್ನು ಮಣ್ಣುಮಾಡಿದರು," ಎಂದಳು. ಹೌದು ಎಂದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದೆ ಓದು ಎಂದು ಮಗಳಿಗೆ ಹೇಳಿದಳು.

ನಾವು ಹೀಗೆ ವಚನಗಳನ್ನು ಬಿಡಿಬಿಡಿಯಾಗಿ ಕೀಳುವದಕ್ಕೆ ಪುಸ್ತಕದ ರೂಪವೂ ಸ್ವಲ್ಪ ಕಾರಣವಾಗಿದೆ. ಪ್ರವಾದಿಗಳೂ ಅಪೊಸ್ತಲರೂ ಅಧ್ಯಾಯದ ಅಂಕೆಗಳನ್ನು ಹಾಕಿ ಬರೆದವರಲ್ಲ. ಈಗಿನ ಅಧ್ಯಾಯಗಳ ಏರ್ಪಾಡು 13ನೆಯ ಶತಮಾನದ ಆರಂಭದಲ್ಲಿ ಸ್ಟೀಫನ್ ಲ್ಯಾಂಗ್ಟನ್ ಎಂಬ ಪಂಡಿತನಿಂದ ಬಂದದ್ದೆಂದು ಎಣಿಸಲ್ಪಡುತ್ತದೆ. ಹೊಸ ಒಡಂಬಡಿಕೆಯಲ್ಲಿ ನಾವು ಈಗ ಉಪಯೋಗಿಸುವ ವಚನಸಂಖ್ಯೆಗಳನ್ನು 1551ರಲ್ಲಿ ರೊಬೇರ್ ಎತ್ಯೆನ್ ಎಂಬ ಮುದ್ರಣಗಾರನು ಅಚ್ಚುಹಾಕಿಸಿದನು. ಬಳ್ಳಾರಿಯಲ್ಲಿ ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1831ರಲ್ಲಿ ಕನ್ನಡದ ಇಡೀ ಸತ್ಯವೇದವು ಅಚ್ಚಾಗುವ ಹೊತ್ತಿಗೆ ಆ ಅಂಕೆಗಳು ಗ್ರಂಥದ ಭಾಗವೇ ಎಂಬಂತೆ ಆಗಿಹೋಗಿದ್ದವು. ಅವು ಬೇಡವೆಂದು ನಾನು ಹೇಳುವದಿಲ್ಲ; ಹೊಲಕ್ಕೆ ಬದುವಿರುವ ಹಾಗೆ ಸ್ಥಳ ಗೊತ್ತುಮಾಡುವದಕ್ಕೆ ಬೇಕು. ಬದುವಿನಲ್ಲಿ ಬೆಳೆ ಮಾತ್ರ ಇರುವದಿಲ್ಲ.

ಅರಣ್ಯದಲ್ಲಿ ಸೈತಾನನು ನಮ್ಮ ಕರ್ತನನ್ನು ಶೋಧಿಸುವಾಗ ಶಾಸ್ತ್ರದ ವಚನವನ್ನೇ ಎತ್ತಿದನಲ್ಲವೇ. ಅವನು ಎತ್ತಿದ್ದು 91ನೆಯ ಕೀರ್ತನೆ. ತಪ್ಪಾಗಿ ಉಚ್ಚರಿಸಲಿಲ್ಲ, ತಪ್ಪಾದ ಕೆಲಸಕ್ಕೆ ಹಚ್ಚಿದನು. ಹಬಕ್ಕೂಕನ ಮೊದಲನೆಯ ಅಧ್ಯಾಯದ 5ನೆಯ ವಚನವನ್ನೂ ನೋಡಿರಿ. ಹೇಳಿದರೂ ನಂಬಲಾಗದಂಥ ಒಂದು ಕಾರ್ಯವನ್ನು ದೇವರು ಅವರ ದಿನಗಳಲ್ಲಿಯೇ ನಡಿಸುವನೆಂಬ ಮಾತನ್ನು ಆಶೀರ್ವಾದವೆಂದು ಹೇಳಿ ಕೇಳಿಸಿಕೊಂಡವರು ಬಹಳ ಮಂದಿ. ಮುಂದಿನ ವಚನಕ್ಕೆ ಬೆರಳು ಇಟ್ಟರೆ ಆ ಕಾರ್ಯವೇನೆಂದು ಗೊತ್ತಾಗುವದು: ಉಗ್ರರಾದ ಕಸ್ದೀಯರ ದಂಡು! ನಮ್ಮ ಪಾಠದ ಸೆರೆಯವರನ್ನು ಎಳೆದೊಯ್ದವರು ಅವರೇ.

ಹೀಗೆಂದು ಮೊಬೈಲನ್ನು ಬಿಸಾಡಬೇಕಾಗಿಲ್ಲ. ಇಡೀ ಸತ್ಯವೇದವೇ ಅದರಲ್ಲಿ ಇರಬಹುದು. ಎರಡು ಭಾಷಾಂತರಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡಬಹುದು. ಓದುಬಾರದವರು ಅಧ್ಯಾಯಗಳನ್ನು ಧ್ವನಿಯಲ್ಲಿ ಕೇಳಬಹುದು. ಕೇಳುವದು ಓದುವದಕ್ಕಿಂತ ಕೀಳಾದದ್ದೆಂದು ಎಣಿಸಬೇಡಿರಿ. ಆದಿಸಭೆಯ ಹೆಚ್ಚು ಜನರು ಕೇಳಿಯೇ ಕಲಿತರು; ಕೊಲೊಸ್ಸೆಯವರಿಗೆ ಬರೆದ ಪತ್ರವನ್ನು ಸಭೆಯಲ್ಲಿ ಓದಿಸಿ, ಅನಂತರ ಲವೊದಿಕೀಯದವರಿಗೂ ಓದಿಸಬೇಕೆಂದು ಪೌಲನು ಬರೆದನು. ಒಂದು ವಚನ ನಿಮಗೆ ಬಂದರೆ ಅದನ್ನು ಇನ್ನೊಬ್ಬರಿಗೆ ಕಳುಹಿಸುವದಕ್ಕೆ ಮುಂಚೆ ಆ ಅಧ್ಯಾಯವನ್ನು ತೆರೆದು, ಇಲ್ಲಿ ಮಾತಾಡುವವರು ಯಾರು, ಯಾರ ಸಂಗಡ, ಏನು ನಡೆದಿರುವಾಗ ಎಂದು ಕೇಳಿಕೊಳ್ಳಿರಿ. ಉತ್ತರ ಸಿಕ್ಕದಿದ್ದರೆ ಹಿಂದಿನ ಅಧ್ಯಾಯಕ್ಕೆ ಹೋಗಿರಿ. ಆಗಲೂ ಸಿಕ್ಕದಿದ್ದರೆ ಬೋಧಕರನ್ನು ಕೇಳಿರಿ. ಅವರು ತಿಳಿಯದು ಎಂದರೆ ಅವರನ್ನು ಕೀಳಾಗಿ ಕಾಣಬೇಡಿರಿ, ಕೂಡಿ ಹುಡುಕಿರಿ. ಬೆರೋಯದವರು ಪೌಲನು ಹೇಳಿದ್ದನ್ನೂ ಶಾಸ್ತ್ರದಲ್ಲಿ ಪರೀಕ್ಷಿಸಿ ನೋಡಿದರು. ಅದಕ್ಕಾಗಿ ಅವರು ಹೊಗಳಲ್ಪಟ್ಟರು.

ಈ ಅಧ್ಯಾಯದ ವಾಗ್ದಾನವು ಹಾಗಾದರೆ ನಮ್ಮದಲ್ಲವೇ ಎಂದು ಒಬ್ಬ ಹಿರಿಯರು ನನ್ನನ್ನು ಕೇಳಿದರು. ನಮ್ಮದೇ ಎಂದು ನಾನು ನಂಬುತ್ತೇನೆ, ಆದರೆ ಅದು ಮೊದಲು ಅವರದಾಗಿ, ಅವರ ಮೂಲಕ ನಮಗೆ ಬರುತ್ತದೆ. ದೇವರು ಆ ಜನರನ್ನು ಬಾಬೆಲಿನಲ್ಲಿ ಕೈಬಿಡಲಿಲ್ಲ. ಹಿಂದಿರುಗಿದ ಆ ವಂಶದಲ್ಲಿಯೇ ಕರ್ತನಾದ ಯೇಸು ಹುಟ್ಟಿದನು. ಮತ್ತಾಯನು ಬರೆದ ವಂಶಾವಳಿಯನ್ನು ಓದುವಾಗ ಹೆಸರುಗಳು ಬೇಸರವೆಂದು ದಾಟಿಬಿಡುತ್ತೀರಲ್ಲಾ, ಅಲ್ಲಿ ಬಾಬೆಲಿನ ಸೆರೆಯೂ ಯೆಕೊನ್ಯನ ಹೆಸರೂ ಇವೆ. ಬೇನೆಯಲ್ಲಿ ಬಿದ್ದವನು ಬರುವ ತಿಂಗಳು ಏಳುವನೆಂದು ಈ ಪತ್ರ ಹೇಳುವದಿಲ್ಲ. ಏಳಲಿ ಎಂದು ಪ್ರಾರ್ಥಿಸುವದಕ್ಕೆ ಅಡ್ಡಿಯೂ ಮಾಡುವದಿಲ್ಲ. ಸೆರೆಯ ಸ್ಥಳದಲ್ಲಿಯೂ ಪ್ರಾರ್ಥನೆ ಕೇಳಲ್ಪಡುವದೆಂದು 12ನೆಯ ವಚನದಲ್ಲಿದೆ, ಅದನ್ನು ಚಿತ್ರಕ್ಕೆ ಹಾಕುವವರು ಕಡಿಮೆ.

ಈ ಪತ್ರದ ಮಾತನ್ನು ಓದಿದ ಒಬ್ಬನನ್ನು ಸತ್ಯವೇದವೇ ನಮಗೆ ತೋರಿಸುತ್ತದೆ. ದಾನಿಯೇಲನು ಎಳೆಯವನಾಗಿ ಬಾಬೆಲಿಗೆ ಬಂದವನು. ಮುದುಕನಾದ ಮೇಲೆ ಯೆರೆಮೀಯನ ಬರಹವನ್ನು ಓದುತ್ತಾ 70 ವರುಷದ ಲೆಕ್ಕವನ್ನು ಗ್ರಹಿಸಿಕೊಂಡನೆಂದು ಅವನ ಗ್ರಂಥದ 9ನೆಯ ಅಧ್ಯಾಯದಲ್ಲಿದೆ. ಕಾಲವು ಹತ್ತಿರವಾಯಿತೆಂದು ತಿಳಿದವನು ಏನು ಮಾಡಿದನು? ಉಪವಾಸದಿಂದ, ಗೋಣಿತಟ್ಟು ಬೂದಿಗಳೊಡನೆ ಪ್ರಾರ್ಥನೆಗೆ ಕೂತನು. ನಾನು ಎನ್ನದೆ, ನಾವು ಪಾಪಮಾಡಿದೆವು ಎಂದು ತನ್ನ ಜನರೆಲ್ಲರ ಪರವಾಗಿ ಅರಿಕೆಮಾಡಿದನು. ಪತ್ರದಲ್ಲಿ "ನೀವು" ಎಂದು ಇದ್ದದ್ದನ್ನು ಅವನು ಸರಿಯಾಗಿ ಓದಿಕೊಂಡಿದ್ದನು.

ಬರುವ ತಿಂಗಳ ಪಾಠಕ್ಕೆ ಹಬಕ್ಕೂಕನ ಮೂರು ಅಧ್ಯಾಯಗಳನ್ನು ಒಂದೇ ಕೂತಿನಲ್ಲಿ ಓದಿಟ್ಟುಕೊಳ್ಳಿರಿ. ಕಾಲು ತಾಸು ಸಾಕು. ಆ ಸಹೋದರಿಯ ಗೋಡೆಯ ಮೇಲೆ ಈಗ 5ನೆಯ ವಚನದಿಂದ 14ರ ವರೆಗೆ ಬರೆದಿದೆ. ಮಗಳ ಅಕ್ಷರ ಸಣ್ಣದು; ಆದರೂ ಕದದ ಪಕ್ಕದಲ್ಲಿ ಜಾಗ ಸಾಲದೆ ಕೊನೆಯ ಸಾಲುಗಳು ಅಡಿಗೆಮನೆಯ ಗೋಡೆಗೆ ತಿರುಗಿವೆ.