ವಿದ್ಯಾರ್ಥಿದೆಸೆಯಲ್ಲಿ ವೃತ್ತಿಬಾಂಧವ್ಯ

ವಿದ್ಯೆಯು ಗ್ರಂಥದಿಂದ ಮಾತ್ರವಲ್ಲದೆ ಬಲ್ಲವರ ಒಡನಾಟದಿಂದಲೂ ಬರತಕ್ಕದ್ದು. ಸಕಲೇಶಪುರ, ಆಲೂರು ಸೀಮೆಗೆ ಪರಿಚಿತವಾದ ಕಾಫಿಯೇ ಇದಕ್ಕೆ ನಿದರ್ಶನ. ಕಳೆದ ಶತಮಾನದ ಆದಿಯಲ್ಲಿ ಕೆಂಟ್ ಎಂಬ ತೋಟಗಾರರು ಎಲೆತುಕ್ಕು ರೋಗವನ್ನು ಅಂದು ತಡೆಯಬಲ್ಲ ಅರೇಬಿಕಾ ಗಿಡವನ್ನು ಮೈಸೂರು ಸೀಮೆಯಲ್ಲಿ ಗುರುತಿಸಿದರು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರವು ಆರಂಭವಾಯಿತು. ಅಲ್ಲಿಯ ವಿಜ್ಞಾನಿಗಳು ಆ ಕೆಂಟ್ಸ್ ತಳಿಯನ್ನು ಎಸ್. 288ರೊಡನೆ ಸಂಕರಗೊಳಿಸಿ, 1940ರ ದಶಕದಲ್ಲಿ ಎಸ್. 795 ತಳಿಯನ್ನು ಬೆಳೆಗಾರರಿಗಿತ್ತರು. ತೋಟಗಾರನ ಕಣ್ಣೂ ವಿಜ್ಞಾನಿಯ ಶಾಸ್ತ್ರವೂ ಕೂಡಿದುದರ ಫಲವಿದು.

ವೃತ್ತಿಬಾಂಧವ್ಯವೆಂದರೆ ವಶೀಲಿಯಲ್ಲ. ವಶೀಲಿಯು ಅರ್ಹತೆಯಿಲ್ಲದವನಿಗೆ ಸ್ಥಾನವನ್ನು ಬೇಡುತ್ತದೆ. ಬಾಂಧವ್ಯವು ಅರ್ಹತೆಯನ್ನು ಗಳಿಸುವ ದಾರಿಯನ್ನು ಕೇಳುತ್ತದೆ. ಆದುದರಿಂದ ಕೆಲಸ ಬೇಕಾದಾಗ ಅರ್ಜಿ ಹಿಡಿದು ಹೋಗುವುದಕ್ಕಿಂತ, ಓದುವ ಕಾಲದಲ್ಲಿಯೇ ಪ್ರಶ್ನೆ ಹಿಡಿದು ಹೋಗುವುದು ಲೇಸು. ರಜೆಯ ದಿನಗಳಲ್ಲಿ ತೋಟದ ರೈಟರನ್ನೋ, ಸಕಲೇಶಪುರದ ಏಲಕ್ಕಿ ಸಂಶೋಧನಾ ಕೇಂದ್ರದವರನ್ನೋ ಮೊದಲೇ ಅನುಮತಿ ಪಡೆದು ಕಾಣಬೇಕು; ಕೇಳಿದುದನ್ನು ಬರೆದಿಟ್ಟುಕೊಳ್ಳಬೇಕು; ಅವರ ಸಲಹೆಯಂತೆ ನಡೆದು, ಫಲವೇನಾಯಿತೆಂಬುದನ್ನು ಕಾಗದದ ಮೂಲಕ ತಿಳಿಸಬೇಕು. ಈ ಕೊನೆಯ ಕಾರ್ಯವನ್ನು ಮಾಡುವವರು ವಿರಳ. ಹಿರಿಯರ ನೆನಪಿನಲ್ಲಿ ಉಳಿಯುವವರೂ ಅವರೇ.

ತೋಟದ ಒಡೆಯರ ಮಕ್ಕಳಿಗೆ ಇಂತಹ ಪರಿಚಯವು ಮನೆಯ ಜಗಲಿಯಲ್ಲಿಯೇ ಲಭಿಸುತ್ತದೆ. ಕೂಲಿಕಾರರ ಮಕ್ಕಳಿಗೆ, ಸಣ್ಣ ಹಿಡುವಳಿಯ ರೈತರ ಮಕ್ಕಳಿಗೆ ಅದು ದುರ್ಲಭ. ಅಂಕಪಟ್ಟಿ ಒಂದೇ ಆಗಿದ್ದರೂ ಬಾಳಿನಲ್ಲಿ ಅಂತರವು ಹುಟ್ಟುವುದು ಇಲ್ಲಿಯೇ. ಈ ಕೊರತೆಯನ್ನು ತುಂಬತಕ್ಕವರು ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು ಮತ್ತು ದಾನಿಗಳು. ದ್ರವ್ಯದಾನದಿಂದ ಕಟ್ಟಡವೇಳುತ್ತದೆ, ವರ್ಷಕ್ಕೊಂದು ದಿನ ವಿದ್ಯಾರ್ಥಿಗಳಿಗೆ ತಮ್ಮ ವೃತ್ತಿಯನ್ನು ತೋರಿಸಿಕೊಟ್ಟರೆ, ಆ ಕಟ್ಟಡದಲ್ಲಿ ಕಲಿತ ವಿದ್ಯೆಗೆ ದಾರಿ ತೆರೆಯುತ್ತದೆ.